ಆರುನೂರ ಹನ್ನೆರಡು ಡಬ್ಬಿ

ಆರುನೂರ ಹನ್ನೆರಡು ಡಬ್ಬಿ. ಒಂದೊಂದರಲ್ಲೂ ಒಬ್ಬೊಬ್ಬರ ಬೆಳಗಿನ ಮಲ. ಅಷ್ಟನ್ನೂ ಗೊಂಡೆಕೆರೆಯಿಂದ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಸಾಗಿಸಿದವನು ಚಿಕ್ಕಮಾರಯ್ಯ. ಸಾಗಿಸಿದ್ದಷ್ಟೇ ಅಲ್ಲ. ಕಡ್ಡಿಯಲ್ಲಿ ಕೆದಕಿ ತೆಗೆದವನು ಅವನು. ಗಾಜಿನ ಪಟ್ಟಿಗೆ ಸವರಿದವನು ಅವನು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೊಕ್ಕೆಹುಳದ ಮೊಟ್ಟೆ ಎಣಿಸಿದವನು ಅವನು. ಎಣಿಸಿದ್ದನ್ನು ರಿಜಿಸ್ಟರಿನಲ್ಲಿ ಬರೆದವನೂ ಅವನೇ. ಡಾಕ್ಟರ್ ರಾಮಾಂಜಿನಯ್ಯನವರು ಸುಮ್ಮನಿದ್ದರು ಅಂತ ಯಾರೂ ತಿಳಿಯಬಾರದು. ಅವರು ಎಂಟು ತಿಂಗಳೂ ಮೂಗಿಗೆ ಕರ್ಚೀಫು ಹಿಡಿದುಕೊಂಡಿದ್ದರು.

ಇದು ಎಪ್ಪತ್ತೊಂಬತ್ತನೇ ಇಸವಿಯ ಮಾತು. ಗುಬ್ಬಿ ತಾಲ್ಲೂಕಿನ ಒಂದು ಮೂಲೆ. ಸಿ.ಎಸ್. ಪುರದ ಬಸ್ಸು ಡ್ರೈವರಿಗೆ ಮನಸ್ಸಾದರೆ ನಿಲ್ಲುವ ಜಾಗದಲ್ಲಿ ಹೆಂಚಿನದೊಂದು ಸರ್ಕಾರಿ ಆಸ್ಪತ್ರೆ. ಚಿಕ್ಕಮಾರಯ್ಯ ಅಲ್ಲಿ ಅಟೆಂಡರ್. ಕುಣಿಗಲ್ ಕಡೆಯವನು, ಮೂವತ್ತೆರಡರ ಆಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಪಾಸು. ಆಸ್ಪತ್ರೆಯ ಸ್ಟೋರ್ ರೂಮಿನ ಪಕ್ಕದಲ್ಲೇ ಅವನ ವಾಸ, ಸ್ಟೋರಿನ ಬೀಗದ ಕೈ ಅವನ ಉಡಿದಾರದಲ್ಲಿ.

ಡಾಕ್ಟರಿಗೆ ಬೆಂಗಳೂರಿನ ಮೆಡಿಕಲ್ ಕಾಲೇಜು ಸೇರುವ ಆಸೆ. ಸೇರಬೇಕಾದರೆ ಬೊಂಬಾಯಿಯ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಅಚ್ಚಾಗಿರಬೇಕು. ಹಾಗಂತ ಅವರ ಮಾವನವರು ಹೇಳಿದ್ದರು. ಮಾವನವರು ರಿಟೈರ್ಡ್ ಪ್ರೊಫೆಸರು. ಯಾವುದರ ಮೇಲೆ ಸಂಶೋಧನೆ ಮಾಡುವುದು? ಸುತ್ತಮುತ್ತ ಧಾರಾಳವಾಗಿ, ಪುಕ್ಕಟೆಯಾಗಿ ಸಿಗುವುದರ ಮೇಲೆ. ಹೀಗೆ ಗೊಂಡೆಕೆರೆಯ ಮಲಕ್ಕೆ ಕಾಲ ಬಂತು.

"ಮೇಲಿನ ಬೀದಿಯವರದು ಮುನ್ನೂರ ಆರು, ಕೇರಿಯವರದು ಮುನ್ನೂರ ಆರು. ಯಾರಿಗೆ ಕೊಕ್ಕೆಹುಳ ಜಾಸ್ತಿ ಅಂತ ನೋಡೋದು. ಈ ಪೇಪರ್ ಒಂದು ಪ್ರಿಂಟಾಗ್ಲಿ ಮಾರಯ್ಯ, ನಾನು ಬೆಂಗಳೂರಿಗೆ, ನೀನು…" ಅಂತ ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

"ನನ್ನ ಹೆಸ್ರೂ ಬತ್ತದಾ ಸಾ ಅದ್ರಲ್ಲಿ?"

"ನೋಡೋಣ."

ಆ 'ನೋಡೋಣ' ಒಂದನ್ನೇ ನಂಬಿಕೊಂಡು ಚಿಕ್ಕಮಾರಯ್ಯ ಎಂಟು ತಿಂಗಳು ದುಡಿದ. ಅಪ್ಪನ ಹೆಸರು ಪಹಣಿಯಲ್ಲಿ ಇರಲಿಲ್ಲ, ಜಮೀನಿದ್ದರಲ್ಲವೇ. ತಾತನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ತನ್ನದೊಂದು ಹೆಸರು ಬೊಂಬಾಯಿಯಲ್ಲಿ ಅಚ್ಚಾಗಿ ಬರುತ್ತದೆ ಅಂದರೆ ಯಾರಿಗಾದರೂ ಆಸೆಯಾಗುತ್ತದೆ. ಅವನಿಗೂ ಆಯಿತು, ವಿಪರೀತ ಆಯಿತು.

ಕೆಲಸದ ಕ್ರಮ ಹೀಗಿತ್ತು. ಮುಲಾಮಿನ ಖಾಲಿ ಡಬ್ಬಿಗಳನ್ನು ತೊಳೆದು, ಪ್ಲಾಸ್ಟರು ಅಂಟಿಸಿ, ನಂಬರು, ಹೆಸರು ಬರೆದು ಹಿಂದಿನ ದಿನ ಹಂಚಬೇಕು. ಮಾರನೆಯ ಬೆಳಿಗ್ಗೆ ತರಬೇಕು. ಹಳೆಯ ಪಟೇಲ ಜುಂಜಪ್ಪನವರು ಮೊದಲ ದಿನವೇ ಷರತ್ತು ಹಾಕಿದರು.

"ಲೇ ಮಾರ, ನಮ್ಮ ಡಬ್ಬಿ ಬೇರೆ ಚೀಲ, ಕೇರಿ ಡಬ್ಬಿ ಬೇರೆ ಚೀಲ. ಒಂದಕ್ಕೊಂದು ತಗಲಬಾರ್ದು. ಮೈಲಿಗೆ ಆಯ್ತದೆ."

ಯಾವುದರಿಂದ ಯಾವುದಕ್ಕೆ ಮೈಲಿಗೆ ಅಂತ ಚಿಕ್ಕಮಾರಯ್ಯನಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಸೈಕಲ್ಲಿನ ಬಲಗಡೆ ಹ್ಯಾಂಡಲಿಗೆ ಮೇಲಿನ ಬೀದಿಯ ಚೀಲ, ಎಡಗಡೆಗೆ ಕೇರಿಯ ಚೀಲ ನೇತುಹಾಕಿದ. ಆಸ್ಪತ್ರೆಯಲ್ಲೂ ಎರಡು ಟ್ರೇ. ಡಾಕ್ಟರು ಅದನ್ನು ಸೈಂಟಿಫಿಕ್ ಅಂದರು.

ಮೇಲಿನ ಬೀದಿಗೆ ಕಾಲಿಡುವಾಗ ಚಪ್ಪಲಿ ಬಿಚ್ಚಬೇಕು. ಅದು ಗೊಂಡೆಕೆರೆಯ ಕಾನೂನು. ಕೇರಿಯವರು ಯಾರೂ ಆ ಬೀದಿಯಲ್ಲಿ, ಪಟೇಲರ ಗದ್ದೆ ತೋಟದಲ್ಲಿ ಚಪ್ಪಲಿ ಮೆಟ್ಟುವ ಹಾಗಿಲ್ಲ. ಸರ್ಕಾರಿ ಅಟೆಂಡರ್ ಆದರೂ ಚಿಕ್ಕಮಾರಯ್ಯ ಬಿಚ್ಚುತ್ತಿದ್ದ, ಬಿಚ್ಚಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುತ್ತಿದ್ದ. ಅಂಗಳಕ್ಕೆ ಹೋಗುವಂತಿಲ್ಲ. ತುಂಬಿದ ಡಬ್ಬಿಗಳನ್ನು ಅವರು ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಇಟ್ಟಿರುತ್ತಿದ್ದರು. ಅವನು ತೆಗೆದುಕೊಂಡು ಹೋಗಬೇಕು. ಅವನು ಹೋದ ಮೇಲೆ ಆ ಗೋಡೆಗೆ ನೀರು ಹಾಕುತ್ತಿದ್ದರು. ಮಲ ಇಟ್ಟಿದ್ದಕ್ಕಲ್ಲ, ಅವನು ಮುಟ್ಟಿದ್ದಕ್ಕೆ.

ಬಿಸಿಲೇರಿದ ಮೇಲೆ ಕೇರಿ. ಅಷ್ಟು ಹೊತ್ತಿಗೆ ಅಲ್ಲಿ ದುಡಿಯುವವರು ಯಾರೂ ಇರುತ್ತಿರಲಿಲ್ಲ. ಎಲ್ಲ ಕತ್ತಲು ಹರಿಯುವ ಮುಂಚೆಯೇ ಮೇಲಿನ ಬೀದಿಯವರ ಗದ್ದೆಗೆ, ಕೊಟ್ಟಿಗೆಗೆ ಹೋಗಿರುತ್ತಿದ್ದರು. ಕೂಸು ಕಾಯುವ ಮುದುಕಿ ಕದರಮ್ಮ ಬಾಗಿಲುಬಾಗಿಲಿನ ಡಬ್ಬಿ ಒಟ್ಟುಮಾಡಿ ಇಟ್ಟಿರುತ್ತಿದ್ದಳು. ಕೇರಿಯ ಡಬ್ಬಿಯೊಳಗೆ ಚೂರೇ ಚೂರು, ಹಳದಿ ಹಳದಿ. ನಮ್ಮ ಜನ ಇದರಲ್ಲೂ ಜಿಪುಣರು ಅಂತ ಚಿಕ್ಕಮಾರಯ್ಯ ಬೈದುಕೊಂಡ. ಬೈದನೇ ಹೊರತು ಯಾಕೆ ಅಂತ ಯೋಚಿಸಲಿಲ್ಲ. ಅದು ಅವನ ತಪ್ಪು, ಅವನೂ ಮುಂದೆ ಒಪ್ಪಿಕೊಂಡ.

ಎಣಿಸುವಾಗ ಇನ್ನೊಂದು ವಿಚಿತ್ರ ಕಂಡಿತ್ತು. ಪಟೇಲರ ಮನೆಯಲ್ಲಿ ಮೂರು ಹೊತ್ತೂ ಅನ್ನ, ತುಪ್ಪ. ಹಾಗಂತ ಅವರೇ ಬರೆಸಿದ್ದರು. ಆದರೆ ಅವರ ಡಬ್ಬಿಯ ತುಂಬ ರಾಗಿ ಹೊಟ್ಟು.

"ಸಾ, ಪಟೇಲ್ರ ಡಬ್ಬೀಲಿ ರಾಗಿ ಹೊಟ್ಟು ಕಾಣ್ತೈತೆ."

"ನಿನಗೆ ಮೊಟ್ಟೆ ಎಣ್ಸು ಅಂದಿದ್ದು. ಹೊಟ್ಟು ಎಣ್ಸು ಅಂತ ಯಾರಯ್ಯ ಹೇಳಿದ್ದು?"

ಚಿಕ್ಕಮಾರಯ್ಯ ಮೊಟ್ಟೆ ಎಣಿಸಿದ.

ಫಲಿತಾಂಶ ಬಂದಾಗ ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಮೇಲಿನ ಬೀದಿಯಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿಗೆ ಕೊಕ್ಕೆಹುಳ. ಕೇರಿಯಲ್ಲಿ ನೂರಕ್ಕೆ ನಾಲ್ಕು. ಜಗತ್ತಿನ ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ಕೊಕ್ಕೆಹುಳ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ರಕ್ತ ಕುಡಿಯುತ್ತದೆ. ಬರಿಗಾಲಲ್ಲಿ ಓಡಾಡುವವರು ಕೇರಿಯವರು. ಹುಳ ಮಾತ್ರ ಚಪ್ಪಲಿ ಮೆಟ್ಟಿದವರ ಹೊಟ್ಟೆಯಲ್ಲಿ! ಡಾಕ್ಟರು ಎರಡು ದಿನ ಆಕಾಶ ನೋಡಿದರು. ಮೂರನೆಯ ದಿನ ಸಿದ್ಧಾಂತ ಹೊಳೆಯಿತು. ರಾಗಿ! ಕೇರಿಯವರು ರಾಗಿ ತಿನ್ನುತ್ತಾರೆ, ರಾಗಿ ತಿಂದವರನ್ನು ಕೊಕ್ಕೆಹುಳ ಮುಟ್ಟುವುದಿಲ್ಲ. ಅನ್ನ ತುಪ್ಪ ತಿಂದವರನ್ನು ಬಿಡುವುದಿಲ್ಲ. ಅವತ್ತು ಅವರು ಕರ್ಚೀಫು ಮರೆತು ಚಿಕ್ಕಮಾರಯ್ಯನ ಬೆನ್ನು ತಟ್ಟಿದರು. ಆಮೇಲೆ ಕೈ ತೊಳೆದುಕೊಂಡರು.

ಅದೇ ವಾರ ತುಮಕೂರಿನಿಂದ ಎರಡು ಪೆಟ್ಟಿಗೆ ಬಂದವು. ಒಂದರಲ್ಲಿ ಹುಳದ ಮಾತ್ರೆ, ಇನ್ನೊಂದರಲ್ಲಿ ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆ. ಮುನ್ನೂರು ಮಂದಿಗೆ ಸಾಕು, ಅಂದರೆ ಒಂದೇ ಬೀದಿಗೆ. ಲೇಖನ ಬೊಂಬಾಯಿಗೆ ಹೋದ ಮಾರನೆಯ ದಿನ ಮೇಲಿನ ಬೀದಿಯಲ್ಲಿ ಹಂಚುವುದು ಅಂತ ತೀರ್ಮಾನವಾಯಿತು. ಪೆಟ್ಟಿಗೆ ಸ್ಟೋರಿಗೆ ಹೋಯಿತು. ಕೇರಿಯವರಿಗೆ ಡಾಕ್ಟರು ಸಲಹೆ ಕೊಟ್ಟು ಕಳಿಸಿದರು: ರಾಗಿ ತಿನ್ನುತ್ತಾ ಇರಿ.

ಲೇಖನ ಟೈಪು ಮಾಡಿಸುವ ಕೆಲಸವೂ ಚಿಕ್ಕಮಾರಯ್ಯನ ತಲೆಗೇ ಬಂತು. ಪತ್ರಿಕೆಯವರ ಸೂಚನೆ ಎರಡು ಪುಟ ಇತ್ತು. ಮೂರು ಪ್ರತಿ ಬೇಕು. ಸಾಲಿನ ಮಧ್ಯೆ ಜಾಗ ಬಿಟ್ಟಿರಬೇಕು. ಕೋಷ್ಟಕ ಬೇರೆ ಹಾಳೆ. ಗ್ರಾಫನ್ನು ಟ್ರೇಸಿಂಗ್ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದಿರಬೇಕು. ಗ್ರಾಫು ಬರೆದವನೂ ಚಿಕ್ಕಮಾರಯ್ಯನೇ. ಡಾಕ್ಟರ ಕೈ ನಡುಗುತ್ತಿತ್ತು, ಇವನ ಕೈ ನಡುಗುತ್ತಿರಲಿಲ್ಲ. ಮೇಲಿನ ಬೀದಿಗೆ ಉದ್ದನೆಯ ಕಂಬ, ಕೇರಿಗೆ ಬೆರಳು ಗಾತ್ರದ್ದು.

ತುಮಕೂರಿನ ಕೋರ್ಟಿನ ಹತ್ತಿರ ವನಜಮ್ಮನ ಟೈಪಿಂಗ್ ಅಂಗಡಿ. ಐವತ್ತರ ಹೆಂಗಸು, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿತ್ತು. ವಕೀಲರ ಅಫಿಡವಿಟ್ಟು ಕುಟ್ಟಿ ಕುಟ್ಟಿ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು ಆಕೆಗೆ. ಚಿಕ್ಕಮಾರಯ್ಯ ಎರಡು ಬಸ್ಸು ಹತ್ತಿ ಇಳಿದು, ಹಸ್ತಪ್ರತಿಯನ್ನು ಎದೆಗೆ ಅವಚಿಕೊಂಡು ಬಂದು ಕೊಟ್ಟ. ಸಂಜೆಯ ತನಕ ಬಾಗಿಲಲ್ಲಿ ನಿಂತ.

"ಕೂತ್ಕೊಳ್ಳಿ ಮಾರಯ್ಯನವರೇ" ಅಂದಳು ವನಜಮ್ಮ.

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾವ ಮಾರಯ್ಯನವರೂ ಇರಲಿಲ್ಲ. ಕೂತ.

"ಅಮ್ಮ, ನನ್ನ ಹೆಸ್ರು ಎಲ್ಲಿ ಐತೆ, ಒಂಚೂರು ತೋರ್ಸಿ."

ವನಜಮ್ಮ ಮೊದಲ ಹಾಳೆ ನೋಡಿದಳು. ಬರೆದವರು ಇಬ್ಬರು. ಡಾಕ್ಟರು, ಅವರ ಮಾವ. ಮಾವನವರು ಗೊಂಡೆಕೆರೆಯನ್ನು ನಕ್ಷೆಯಲ್ಲೂ ನೋಡಿದವರಲ್ಲ. ಕೊನೆಯ ಹಾಳೆಯಲ್ಲಿ ಕೃತಜ್ಞತೆ. ಆತಿಥ್ಯ ನೀಡಿದ ಪಟೇಲ ಜುಂಜಪ್ಪನವರಿಗೆ. ತಾಳ್ಮೆ ತೋರಿದ ಡಾಕ್ಟರ ಹೆಂಡತಿಗೆ. ಸೂಕ್ಷ್ಮದರ್ಶಕ ರಿಪೇರಿ ಮಾಡಿದ ಕಂಪನಿಗೆ.

"ನಿಮ್ಮ ಹೆಸರು ಇಲ್ಲ."

"ಮಧ್ಯದಲ್ಲೆಲ್ಲಾದ್ರೂ? ಡಬ್ಬಿ ತಂದ ಜಾಗದಲ್ಲಿ?"

"ಡಬ್ಬಿ ಬಂದವು ಅಂತಿದೆ. ಯಾರು ತಂದ್ರು ಅಂತ ಇಲ್ಲ."

"ಅವೇ ನಡ್ಕೊಂಡು ಬಂದ್ವಾ?"

ವನಜಮ್ಮ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಳು. ಚಿಕ್ಕಮಾರಯ್ಯನ ಹೊಟ್ಟೆ ಉರಿಯಿತು. ಒಬ್ಬ ಮನುಷ್ಯ ಎಂಟು ತಿಂಗಳು ಬೇರೆಯವರ ಹೇಲು ಹೊತ್ತಿದ್ದಾನೆ, ಊಟ ಮಾಡುವಾಗಲೂ ಕೈ ಮೂಸಿ ನೋಡಿಕೊಂಡಿದ್ದಾನೆ. ಸೂಕ್ಷ್ಮದರ್ಶಕದ ಸ್ಕ್ರೂ ಬಿಗಿ ಮಾಡಿದವನಿಗೆ ನಮಸ್ಕಾರ ಉಂಟು, ಇವನಿಗಿಲ್ಲ.

ಭಾನುವಾರ ಅವನು ಗೊಂಡೆಕೆರೆಯ ಕೇರಿಗೆ ಹೋದ. ಅವನ ಅಕ್ಕ ಗಿರಿಯಮ್ಮನನ್ನು ಅಲ್ಲಿಗೆ ಕೊಟ್ಟಿತ್ತು. ಗಂಡ ತೀರಿಕೊಂಡು ಹತ್ತು ವರ್ಷ. ಪಟೇಲರ ಕೊಟ್ಟಿಗೆಯಲ್ಲಿ ಕೆಲಸ. ಜೀತ ತೆಗೆದ ಕಾನೂನು ಬಂದು ಮೂರು ವರ್ಷವಾದ್ದರಿಂದ ಅವಳೀಗ ಜೀತದಾಳಲ್ಲ, ಕೂಲಿ. ಕೆಲಸ ಅದೇ, ಕೊಟ್ಟಿಗೆ ಅದೇ, ಹೊತ್ತೂ ಅದೇ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದಷ್ಟು ಬಿಳುಪು.

"ಅಕ್ಕ, ನಿಂಗೆ ಹುಳ ಇಲ್ವಂತೆ. ಕೇರಿಗೇ ಇಲ್ವಂತೆ. ರಾಗಿ ತಿಂತೀವಲ್ಲ, ಅದ್ಕೆ. ಇರಾದೆಲ್ಲ ಪಟೇಲ್ರಿಗಂತೆ."

ಗಿರಿಯಮ್ಮ ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಏದುಸಿರು ಬಂದು ಗೋಡೆಗೆ ಒರಗಿದಳು.

"ಲೇ ಮಾರ, ಪಟೇಲ್ರ ಮನೆ ಡಬ್ಬೀಲಿ ಮೂರು ನಂದೇ ಕಣ್ಲಾ!"

"ಏನಂದೆ?"

"ಹೊಂಬಾಳಮ್ಮಾರು ಡಬ್ಬಿ ಕೊಟ್ಟು ಹಿತ್ಲಾಗೆ ಹೋಗಿ ತುಂಬ್ಕಂಬಾ ಅಂದ್ರು. ತಮ್ದನ್ನ ನೀನು ಮುಟ್ಟಾದು ಅಂದ್ರೆ ಅವ್ರಿಗೆ ಆಗ್ತದಾ? ಪಟೇಲ್ರ ನಂಬ್ರಿಗೆ ಬೀರಯ್ಯ, ಸೊಸೆ ನಂಬ್ರಿಗೆ ನಾನು, ಮಗಳ ನಂಬ್ರಿಗೆ ನಾನು, ಹೊಂಬಾಳಮ್ಮಾರ ನಂಬ್ರಿಗೂ ನಾನೇ. ಮೂರು ದಿನ ಮೂರು ಡಬ್ಬಿ. ಎಲ್ಲಾರ ಮನೇಲೂ ಹಂಗೇಯಾ. ಆಳ್ಗಳೇ ತುಂಬ್ಸಿದ್ದು."

ಹೊಂಬಾಳಮ್ಮ ಪಟೇಲರ ಹೆಂಡತಿ, ಬೀರಯ್ಯ ಆ ಮನೆಯ ಇನ್ನೊಬ್ಬ ಆಳು.

"ಮತ್ತೆ ಕೇರಿ ಡಬ್ಬಿ?"

"ಅಲ್ಲಿ ಕೊಟ್ಟು ಬಂದ್ಮೇಲೆ ಇಲ್ಲಿಗೆ ಎಲ್ಲಿಂದ ತರಾನ್ಲಾ? ಕದರಮ್ಮ ಕೂಸುಗಳ್ದು ಹಾಕವ್ಳೆ. ಜೋಳಿಗೆಲಿರಾ ಕೂಸುಗಳ್ದು."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಅವ್ರ ಮನೇಲಿ ದಿನಾ ಇಪ್ಪತ್ತು ಕೆಲ್ಸ ಹೇಳ್ತಾರೆ. ಇದೂ ಒಂದು ಅನ್ಕಂಡೆ. ಬಂದು ಬಂದು ಇದನ್ನ ಹೇಳ್ಕಂತಾರೇನ್ಲಾ?"

ಇನ್ನೂ ನೆಲಕ್ಕೆ ಕಾಲೂರದ ಕೂಸಿನ ಹೊಟ್ಟೆಗೆ ಹುಳ ಎಲ್ಲಿಂದ ಬರಬೇಕು? ಪಟೇಲರ ಡಬ್ಬಿಯಲ್ಲಿ ರಾಗಿ ಹೊಟ್ಟು ಯಾಕಿತ್ತು, ಕೇರಿಯ ಡಬ್ಬಿಯಲ್ಲಿ ಹಳದಿ ಚೂರು ಯಾಕಿತ್ತು, ಎಲ್ಲ ಒಟ್ಟಿಗೆ ಅರ್ಥವಾಯಿತು. ಗದ್ದೆ ಉತ್ತು ಕೊಟ್ಟರು. ಸಗಣಿ ಬಾಚಿ ಕೊಟ್ಟರು. ಕೊನೆಗೆ ಮಲವನ್ನೂ ಬಿಟ್ಟಿಯಾಗಿ ಕೊಟ್ಟರು. ಅದರ ಮೇಲೆ ಹೆಸರು ಪಟೇಲರದು. ಆ ಹೆಸರಿನ ಲೆಕ್ಕದಲ್ಲೇ ಮಾತ್ರೆಯೂ ಪಟೇಲರ ಮನೆಗೆ. ಇವಳ ರಕ್ತ ಕುಡಿಯುವ ಹುಳ ಇವಳ ಹೊಟ್ಟೆಯಲ್ಲೇ.

ಸೋಮವಾರ ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿದ. ಡಾಕ್ಟರ ಮುಖ ಬಿಳಿಚಿಕೊಂಡಿತು, ಕೆಂಪಾಯಿತು, ಮತ್ತೆ ಮಾಮೂಲಾಯಿತು.

"ಇದು ಸೈನ್ಸು ಕಣಯ್ಯ. ನಿಂಗೆ ಅರ್ಥ ಆಗಲ್ಲ."

"ಅಕ್ಕನ ಹೇಲು ನಂಗೆ ಅರ್ಥ ಆಯ್ತದೆ ಸಾ."

"ಬಾಯ್ಮುಚ್ಚು! ನಿಮ್ಮಕ್ಕ ಸುಮ್ನೆ ಹೇಳಿರ್ತಾಳೆ. ಯಾರಿಗೂ ಉಸಿರೆತ್ತಬೇಡ. ನಮ್ಮ ಮಾವನೋರು ಆಗ್ಲೇ ಬೊಂಬಾಯಿಗೆ ಕಾಗದ ಬರ್ದಿದಾರೆ."

ಬೊಂಬಾಯಿಯಿಂದ ಉತ್ತರ ಬಂತು. ಸಂಪಾದಕ ಯಾರೋ ಗಟ್ಟಿ ಕುಳ. ನಿಮ್ಮ ತೀರ್ಮಾನ ಬಹಳ ಆಶ್ಚರ್ಯಕರವಾಗಿದೆ ಅಂತ ಬರೆದಿದ್ದ. ಆದ್ದರಿಂದ ಲೇಖನ ಕಳಿಸುವಾಗ ಅದರ ಜೊತೆಗೆ, ಮಾದರಿಗಳನ್ನು ಸ್ವಂತ ಕೈಯಿಂದ ಸಂಗ್ರಹಿಸಿದ ವ್ಯಕ್ತಿ ರುಜು ಮಾಡಿದ ಹೇಳಿಕೆ ಲಗತ್ತಿಸಬೇಕು. ಅದಿಲ್ಲದೆ ಲೇಖನ ಪರಿಶೀಲಿಸುವುದಿಲ್ಲ. ಡಾಕ್ಟರು ಸ್ವಂತ ಕೈ ಅನ್ನುವ ಮಾತನ್ನು ಮೂರು ಸಲ ಓದಿದರು. ತಮ್ಮ ಕೈ ನೋಡಿಕೊಂಡರು. ಬಹಳ ಸ್ವಚ್ಛವಾಗಿತ್ತು.

ಆ ಸಲ ತುಮಕೂರಿಗೆ ಡಾಕ್ಟರೇ ಜೊತೆಯಲ್ಲಿ ಬಂದರು. ಗುಬ್ಬಿಯಲ್ಲಿ ಇಳಿದು ಅವನಿಗೆ ಮಸಾಲೆದೋಸೆ ಕೊಡಿಸಿದರು. ಚಿಕ್ಕಮಾರಯ್ಯ ತಿಂದ. ದೋಸೆಯದೇನು ತಪ್ಪು?

ವನಜಮ್ಮನ ಅಂಗಡಿಯಲ್ಲಿ ಮೂರು ಪ್ರತಿ ಸಿದ್ಧವಾಗಿದ್ದವು. ಡಾಕ್ಟರು ಹೇಳಿಕೆ ಬರೆಸಿದರು: ಪ್ರತಿ ಡಬ್ಬಿಯಲ್ಲಿದ್ದದ್ದು ಅದರ ಮೇಲೆ ಹೆಸರಿದ್ದವರದೇ ಎಂದು ನಾನು ಖಾತ್ರಿಪಡಿಸುತ್ತೇನೆ. ಆಮೇಲೆ ಕೃತಜ್ಞತೆಯ ಹಾಳೆ ತೆಗೆಸಿದರು.

"ವನಜಮ್ಮ, ಇಲ್ಲೊಂದು ಹೆಸರು ಸೇರ್ಸಿ. ಎಲ್ಲರಿಗಿಂತ ಮೇಲೆ. ಚಿಕ್ಕಮಾರಯ್ಯ."

ಟೈಪ್‌ರೈಟರ್ ಟಕಟಕ ಅಂದಿತು. ವನಜಮ್ಮ ಹಾಳೆ ಎಳೆದು ಅವನ ಮುಂದೆ ಇಟ್ಟಳು. ಇಂಗ್ಲಿಷಿನಲ್ಲಿ ಫೇಲಾದವನು ಇಂಗ್ಲಿಷಿನಲ್ಲಿ ತನ್ನ ಹೆಸರು ಓದಿಕೊಂಡ. ಒಂದೊಂದೇ ಅಕ್ಷರ ಓದಿದ. ಎಷ್ಟು ಉದ್ದ ಇತ್ತು ಹೆಸರು! ಪಟೇಲರ ಹೆಸರಿಗಿಂತ ಮೇಲೆ, ಪಟೇಲರ ಹೆಸರಿಗಿಂತ ಉದ್ದ. ಅವನಿಗೆ ಅಳು ಬರುವಂತಾಯಿತು. ಬೇಕಾದದ್ದು ಇದೇ ಅಲ್ಲವೇ, ಎಂಟು ತಿಂಗಳು ಇದಕ್ಕೇ ಅಲ್ಲವೇ ಕಾದದ್ದು.

"ಹಾಕಯ್ಯ ಸೈನು" ಅಂತ ಡಾಕ್ಟರು ಪೆನ್ನು ಕೊಟ್ಟರು. ತಮ್ಮ ಸ್ವಂತ ಪೆನ್ನು.

ಅವನು ಪೆನ್ನು ಹಿಡಿದ. ಅಕ್ಕ ಗೋಡೆ ಹಿಡಿದು ನಿಂತದ್ದು ನೆನಪಾಯಿತು. ಸ್ಟೋರಿನಲ್ಲಿದ್ದ ಎರಡು ಪೆಟ್ಟಿಗೆ ನೆನಪಾದವು. ಪೆನ್ನಿನ ಮುಚ್ಚಳ ಹಾಕಿದ.

"ಅಮ್ಮ, ಆ ಹೆಸ್ರು ಹೊಡೆದಾಕಿ."

"ಯಾಕಯ್ಯ?" ಅಂದರು ಡಾಕ್ಟರು.

"ಡಬ್ಬಿ ಮೇಲೊಂದು ಹೆಸ್ರು, ಒಳಗೊಂದು ಮಾಲು. ಸಾಕಾಗೈತೆ ಸಾ. ನನ್ನ ಹೆಸ್ರು ಹಂಗಾಗಾದು ಬ್ಯಾಡ. ನಾನು ಸೈನ್ ಹಾಕಲ್ಲ."

"ನಿನ್ನ ಪಾವಗಡಕ್ಕೆ ಹಾಕಿಸ್ತೀನಿ!"

"ಹಾಕ್ಸಿ. ಅಲ್ಲೂ ಜನ ಹೇಲ್ತಾರೆ. ಅಲ್ಲೂ ನಂಗೆ ಕೆಲ್ಸ ಐತೆ. ಬೊಂಬಾಯಿಯೋನಿಗೆ ಮಾತ್ರ ಯಾರ ಸೈನ್ ಕಳಿಸ್ತೀರಿ?"

ಡಾಕ್ಟರು ವನಜಮ್ಮನ ಕಡೆ ನೋಡಿದರು. ವನಜಮ್ಮ ರಿಬ್ಬನ್ನು ಸರಿಮಾಡುತ್ತಾ "ಸುಳ್ಳು ಅಫಿಡವಿಟ್ಟಿಗೆ ಏಳು ವರ್ಷದ ತನಕ ಇದೆ ಡಾಕ್ಟರೇ" ಅಂದಳು. ಪತ್ರಿಕೆಗೆ ಕಳಿಸುವ ಹೇಳಿಕೆ ಅಫಿಡವಿಟ್ಟು ಅಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಡಾಕ್ಟರು ಮುಂದೆ ಕೂತರು, ಚಿಕ್ಕಮಾರಯ್ಯ ಹಿಂದೆ. ಗುಬ್ಬಿ ದಾಟಿದ ಮೇಲೆ ಅವರೇ ಎದ್ದು ಬಂದರು.

"ಏನು ಮಾಡಿದ್ರೆ ಹಾಕ್ತೀಯ?"

"ಹತ್ತು ಡಬ್ಬಿ ಮೇಲಿನ ಬೀದಿ, ಹತ್ತು ಡಬ್ಬಿ ಕೇರಿ. ಹೊಸ್ದಾಗಿ. ಡಬ್ಬಿ ತಗಂಡು ಒಳಿಕ್ಕೆ ಹೋದೋರೇ ಈಚಿಕ್ಕೆ ತರಬೇಕು. ನನ್ನ ಕಣ್ಮುಂದೆ, ನಿಮ್ಮ ಕಣ್ಮುಂದೆ. ಏನು ಕಾಣ್ತದೋ ಅದ್ಕೆ ಸೈನ್ ಹಾಕ್ತೀನಿ."

ಡಾಕ್ಟರಿಗೆ ರಾಗಿಯ ಮೇಲೆ ಇನ್ನೂ ನಂಬಿಕೆ ಇತ್ತು. ಒಪ್ಪಿದರು.

ಗುರುವಾರ ಬೆಳಿಗ್ಗೆ ಡಾಕ್ಟರು ಪಟೇಲರ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ಚಿಕ್ಕಮಾರಯ್ಯ ಬಂದ. ಸೈಕಲ್ಲಿಗೆ ಒಂದೇ ಚೀಲ. ಕಾಲಲ್ಲಿ ಚಪ್ಪಲಿ. ಬೀದಿಯ ತುದಿಯಿಂದ ಪಟೇಲರ ಮನೆಯ ತನಕ ಚಟಚಟ ಸದ್ದು ಮಾಡುತ್ತಾ ಬಂದ.

"ಎಕ್ಕಡ ಬಿಡ್ಲಾ!" ಅಂತ ಜುಂಜಪ್ಪನವರು ಅಬ್ಬರಿಸಿದರು.

"ಬರಿಗಾಲಲ್ಲಿ ನಡುದ್ರೆ ಹುಳ ಒಳಿಕ್ಕೋಯ್ತದಂತೆ ಪಟೇಲ್ರೆ. ನಿಮ್ಮ ಬೀದೀಲಿ ನೂರಕ್ಕೆ ಎಪ್ಪತ್ತೊಂದು ಜನಕ್ಕೆ ಐತಂತೆ. ಡಾಕ್ಟ್ರೇ ಬರ್ದವ್ರೆ. ನಂಗೆ ಭಯ."

ಪಟೇಲರು ಡಾಕ್ಟರ ಮುಖ ನೋಡಿದರು. ಡಾಕ್ಟರು ಕಾಫಿ ಲೋಟದ ತಳ ನೋಡಿದರು. ಬರೆದದ್ದು ನಿಜವಲ್ಲವೇ.

ಚಿಕ್ಕಮಾರಯ್ಯ ಡಬ್ಬಿಯನ್ನು ಜಗಲಿಯ ಮೇಲೆ, ಪಟೇಲರ ತೊಡೆಯ ಪಕ್ಕದಲ್ಲಿ ಇಟ್ಟ. ಪಟೇಲರು ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ಒಳಗಿಂದ ಹಿತ್ತಲು. ಹಿತ್ತಲಿನ ಗೋಡೆ ಗಿಡ್ಡದು, ಮಾತು ಬೀದಿಗೆಲ್ಲ ಕೇಳುತ್ತಿತ್ತು.

"ಲೇ ಬೀರ, ಹಿಡಿ ಇದ್ನ."

"ಆಗೋಯ್ತು ಬುದ್ಧಿ. ಮನೆತಾವ್ಲೇ ಕೊಟ್ಟು ಬಂದೆ" ಅಂದ ಬೀರಯ್ಯ.

"ಯಾರನ್ಲಾ ಕೇಳಿ ಕೊಟ್ಟೆ? ಏ ಗಿರಿ, ನೀ ಬಾರೇ."

"ನಂದೂ ಆಗೋಯ್ತು ಬುದ್ಧಿ. ನಮ್ಮನೆ ನಂಬ್ರಿಗೆ ಹಾಕ್ದೆ" ಅಂದಳು ಗಿರಿಯಮ್ಮ. ಧ್ವನಿ ಸಣ್ಣದು, ಆದರೆ ಅಲುಗಲಿಲ್ಲ.

"ಇನ್ನೊಂದ್ಸಲ ಹೋಗ್ಬಾರೇ!"

"ಬರಾಕಿಲ್ಲ ಬುದ್ಧಿ. ಹೊಟ್ಟೆಗೆ ಹಾಕಿರಾದೇ ಅಷ್ಟು."

"ನಾಳಿಂದ ಕೆಲ್ಸಕ್ಕೆ ಬರಬ್ಯಾಡಿ!"

"ಆಗ್ಲಿ ಬುದ್ಧಿ. ಬತ್ತ ಕುಯ್ಯಾಕೆ ನಿಂತೈತೆ. ನೀವೇ ಕುಯ್ಕಳಿ" ಅಂದ ಬೀರಯ್ಯ.

ಡಾಕ್ಟರ ಕಾಫಿ ಆರಿಹೋಯಿತು. ಬಹಳ ಹೊತ್ತಾದ ಮೇಲೆ ಪಟೇಲರು ಡಬ್ಬಿ ತಂದು ಇಟ್ಟರು. ಅಕ್ಕಪಕ್ಕದ ಮನೆಗಳಲ್ಲೂ ಇದೇ ರಾಮಾಯಣ. ಎಲ್ಲರ ಆಳುಗಳಿಗೂ ಅವತ್ತು ಮನೆಯಲ್ಲೇ ಆಗಿಹೋಗಿತ್ತು. ಕೇರಿಯಲ್ಲಿ ಹತ್ತು ಮಂದಿ, ಕೊಟ್ಟಿಗೆ ಬಿಟ್ಟು ಬಂದ ಗಿರಿಯಮ್ಮ ಬೀರಯ್ಯರೂ ಸೇರಿ, ತಂತಮ್ಮ ಡಬ್ಬಿ ಹಿಡಿದು ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಮುದುಕಿ ಕದರಮ್ಮ ತನ್ನದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಚಿಕ್ಕಮಾರಯ್ಯ ಇಪ್ಪತ್ತನ್ನೂ ಒಂದೇ ಚೀಲಕ್ಕೆ ಹಾಕಿದ. ದಾರಿಯುದ್ದಕ್ಕೂ ಒಂದಕ್ಕೊಂದು ತಗಲಿ ಗಣಗಣ ಅಂದವು.

ಆಸ್ಪತ್ರೆಯಲ್ಲಿ ಅವನು ಗಾಜಿನ ಪಟ್ಟಿಗಳನ್ನು ಸಿದ್ಧಮಾಡಿ, ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ ಪಕ್ಕಕ್ಕೆ ಸರಿದ.

"ಈ ಸಲ ನೀವೇ ನೋಡಿ ಸಾ."

ಒಂದು ಕೈಯಲ್ಲಿ ಕರ್ಚೀಫು ಹಿಡಿದರೆ ಸ್ಕ್ರೂ ತಿರುಗಿಸಲಾಗದು. ಡಾಕ್ಟರು ಕರ್ಚೀಫು ಜೇಬಿಗೆ ಹಾಕಿದರು. ಎಂಟು ತಿಂಗಳಲ್ಲಿ ಮೊದಲ ಸಲ.

ಕೇರಿಯ ಹತ್ತರಲ್ಲಿ ಒಂಬತ್ತರ ತುಂಬ ಮೊಟ್ಟೆ. ಗಿರಿಯಮ್ಮನದರಲ್ಲಿ ಎಣಿಸಲಾಗದಷ್ಟು. ಮೇಲಿನ ಬೀದಿಯ ಮೂರು ಡಬ್ಬಿ ಚೊಕ್ಕಟ, ಒಂದು ಮೊಟ್ಟೆಯೂ ಇಲ್ಲ. ಮಿಕ್ಕ ಏಳನ್ನು ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನಯ್ಯ, ಬರೀ ಹುಲ್ಲು?"

"ಸಗಣಿ ಸಾ. ಪಟೇಲ್ರದು ಸೀಮೆಹಸೀದು. ಆಚೆಮನೇದು ಎಮ್ಮೇದು ಇರ್ಬೇಕು."

ಡಾಕ್ಟರು ಸ್ಟೂಲಿನ ಮೇಲೆ ಕುಸಿದರು. ರಾಗಿ ಹೋಯಿತು, ಬೆಂಗಳೂರು ಹೋಯಿತು, ಮಾವನವರಿಗೆ ಏನು ಹೇಳುವುದು? ಪಾಪ ಅನ್ನಿಸಿತು ಚಿಕ್ಕಮಾರಯ್ಯನಿಗೆ. ಕ್ಷಣ ಹೊತ್ತು ಮಾತ್ರ ಅನ್ನಿಸಿತು.

"ಪೇಪರ್ ಹೋಯ್ತಲ್ಲೋ ಮಾರಯ್ಯ."

"ಎಲ್ಲಿ ಹೋಯ್ತದೆ ಸಾ, ಇಲ್ಲೇ ಐತೆ. ಉದ್ದನ್ ಕಂಬ ಯಾರ್ದೋ ಅವ್ರಿಗೆ ಹಾಕಿ. ಗ್ರಾಫು ನಾನು ಬರ್ಕೊಡ್ತೀನಿ. ಸೈನೂ ಹಾಕ್ತೀನಿ. ಮೊದ್ಲು ಮಾತ್ರೆ ಚೀಟಿ ಬರೀರಿ. ಕೇರಿಗೆ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಬರೆದರು. ಚಿಕ್ಕಮಾರಯ್ಯ ಚೀಟಿ ತೆಗೆದುಕೊಂಡು ಉಡಿದಾರದಿಂದ ಬೀಗದ ಕೈ ಬಿಚ್ಚಿದ.

ಲೇಖನ ಮತ್ತೆ ಟೈಪಾಯಿತು. ಹೊಸದರಲ್ಲಿ ರಾಗಿ ಇರಲಿಲ್ಲ, ಬರಿಗಾಲು ಇತ್ತು. ಇದರಲ್ಲಿ ಹೊಸದೇನಿದೆ ಅಂತ ಮಾವನವರು ತಮ್ಮ ಹೆಸರು ವಾಪಸ್ಸು ತೆಗೆದುಕೊಂಡರು. ಆ ಖಾಲಿ ಜಾಗಕ್ಕೆ ಚಿಕ್ಕಮಾರಯ್ಯನ ಹೆಸರು ಬಂತೇ? ಬರಲಿಲ್ಲ. ಅಷ್ಟು ಬೇಗ ಬದಲಾಗುವ ಲೋಕವಲ್ಲ ಇದು. ಕೃತಜ್ಞತೆಯಲ್ಲಿ ಪಟೇಲರ ಆತಿಥ್ಯ ಹಾಗೇ ಉಳಿಯಿತು. ಆದರೆ ಲೇಖನದ ಹಿಂದೆ ಹೇಳಿಕೆಯ ಹಾಳೆ ಇತ್ತು. ಅದನ್ನು ಚಿಕ್ಕಮಾರಯ್ಯ ಕೇರಿಯಲ್ಲಿ ಮನೆಮನೆಗೂ ಹೋಗಿ ಕೇಳಿಕೊಂಡು ಕನ್ನಡದಲ್ಲಿ ತಾನೇ ಬರೆದ, ವನಜಮ್ಮ ಇಂಗ್ಲಿಷು ಮಾಡಿ ಟೈಪಿಸಿದಳು. ಕಾಸು ತೆಗೆದುಕೊಳ್ಳಲಿಲ್ಲ. ಎರಡನ್ನೂ ಒಂದೇ ಪಿನ್ನಿಗೆ ಚುಚ್ಚಿ ಲಕೋಟೆಗೆ ಹಾಕಿದಳು.

ಲಕೋಟೆ ಹೋದ ವಾರದ ಭಾನುವಾರ ಅವನು ಎರಡನೇ ಸಲದ ಮಾತ್ರೆ ಹಂಚುತ್ತಾ ಅಕ್ಕನ ಮನೆಗೆ ಬಂದ. ಪಟೇಲರು ಆ ಗುರುವಾರ ಬರಬೇಡಿ ಅಂದವರು ಶನಿವಾರವೇ ಹೇಳಿ ಕಳಿಸಿದ್ದರು, ಬತ್ತ ಉದುರುತ್ತಿತ್ತು. ಗಿರಿಯಮ್ಮ ಮಾತ್ರೆ ನುಂಗಿ ನೀರು ಕುಡಿದಳು.

"ನಿನ್ನ ಹೆಸ್ರು ಬಂತೇನ್ಲಾ ಬೊಂಬಾಯಿ ಪೇಪರ್ನಾಗೆ?"

"ಇಲ್ಲಕ್ಕ. ಹಿಂದ್ಗಡೆ ಒಂದು ಕಾಗ್ದ ಇಟ್ಟಿವ್ನಿ. ಅದ್ರಲ್ಲಿ ನನ್ ಸೈನ್ ಐತೆ. ನಿನ್ ಹೆಸ್ರೂ ಐತೆ."

"ನಂದಾ?"

ಅವನು ಜೇಬಿನಿಂದ ಕಾರ್ಬನ್ ಪ್ರತಿ ತೆಗೆದು ಓದಿದ. ಗೊಂಡೆಕೆರೆಯ ಡಬ್ಬಿಗಳನ್ನು ತಂದವನು ನಾನು. ಮೇಲಿನ ಬೀದಿಯ ಡಬ್ಬಿಗಳ ಮೇಲೆ ಇದ್ದ ಹೆಸರು ಒಬ್ಬರದು, ಒಳಗೆ ಇದ್ದದ್ದು ಅವರ ಆಳುಗಳದು. ನಂಬರ್ ನಲವತ್ತು, ಪಟೇಲ್ ಜುಂಜಪ್ಪ ಎಂದು ಬರೆದದ್ದು, ಬೀರಯ್ಯನದು. ನಂಬರ್ ನಲವತ್ತೊಂದು, ನಲವತ್ತೆರಡು, ನಲವತ್ತನಾಲ್ಕು, ಇವು ಮೂರೂ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಗಿರಿಯಮ್ಮನವು. ಹೀಗೆ ಕೆಳಗೆ ನೂರಾರು ಹೆಸರು.

"ಥೂ ನಿನ್ನ! ಹೋಗಿ ಹೋಗಿ ಹೇಲಿನ ಲೆಕ್ಕಕ್ಕೆ ನನ್ನ ಹೆಸ್ರು ಬರುದ್ಯಲ್ಲೋ" ಅಂತ ಗಿರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನೂ ನಕ್ಕ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಗು ನಿಂತ ಮೇಲೆ ಅವಳು ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದಳು. ಅಕ್ಷರ ಬಾರದು. ಸುಮ್ಮನೆ ನೋಡಿದಳು.

"ಮೂವತ್ತು ವರ್ಷ ಆಯ್ತು ಕಣ್ಲಾ ಅವ್ರ ಮನೆ ಸೇರಿ. ಕರುದ್ ಹಾಲು, ಬೆಳ್ದ ಬತ್ತ, ತಟ್ಟಿದ್ ಬೆರಣಿ, ಒಂದುಕ್ಕೂ ಇದು ಗಿರಿಯಮ್ಮುಂದು ಅಂತ ಯಾರೂ ಅನ್ನಲಿಲ್ಲ."

ಕಾಗದ ಅವನ ಕೈಗೆ ಕೊಟ್ಟು, ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಇನ್ನೊಂದ್ಸಲ ಓದ್ಲಾ. ನಂಬ್ರು ಸಮೇತ ಓದು."